ಕಣ್ಣಿಗೊಂದು, ಕಿವಿಗೊಂದು: ‘ಲ ಮಿಲಿಯೋಂ’ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳೆಲ್ಲ ಒಂದೇ ಚಿತ್ರದ ಸುತ್ತ ಇವೆ: ರೆನೆ ಕ್ಲೇರ್ ನಿರ್ದೇಶಿಸಿದ, 1931ರಲ್ಲಿ ಪ್ಯಾರಿಸ್‌ನಲ್ಲಿ ತೆರೆಕಂಡ ಹಾಸ್ಯಚಿತ್ರ ‘ಲ ಮಿಲಿಯೋಂ’. ನೋಡದವರಿಗಾಗಿ ಕಥೆ ಇಷ್ಟು. ಮಿಶೆಲ್ ಎಂಬ ಬಡ ಚಿತ್ರಕಾರನಿಗೆ ಡಚ್ ಲಾಟರಿಯಲ್ಲಿ ಹತ್ತು ಲಕ್ಷ ಫ್ಲೋರಿನ್ ಬಹುಮಾನ ಬಂದಿದೆ. ಟಿಕೆಟ್ ಇರುವುದು ಅವನ ಹರಕು ಕೋಟಿನ ಜೇಬಿನಲ್ಲಿ. ಆ ಕೋಟನ್ನು ಅವನ ಪ್ರೇಯಸಿ ಬೆಯಾಟ್ರಿಸ್, ಪೊಲೀಸರಿಂದ ತಪ್ಪಿಸಿಕೊಂಡು ಮನೆಗೆ ನುಗ್ಗಿದ ತ್ಯುಲಿಪ್ ಎಂಬ ಹಿರಿಯ ಕಳ್ಳನಿಗೆ ಕೊಟ್ಟುಬಿಟ್ಟಿದ್ದಾಳೆ. ಕೋಟು ಅವನ ಹಳೇ ಬಟ್ಟೆ ಅಂಗಡಿ ಸೇರಿ, ಅಲ್ಲಿಂದ ಒಬ್ಬ ಒಪೆರಾ (ಹಾಡುನಾಟಕ) ಗಾಯಕನ ಕೈಗೆ ಹೋಗುತ್ತದೆ. ಉಳಿದದ್ದು ಬೆನ್ನಟ್ಟುವ ಕಥೆ.

ಪ್ರಶ್ನೆ: ಎಲ್ಲರೂ ಹೊಗಳುತ್ತಾರೆಂದು ನೋಡಿದೆ. ಒಂದು ಕೋಟಿನ ಹಿಂದೆ ಎಂಬತ್ತು ನಿಮಿಷ ಓಡಾಟ, ಅಷ್ಟೇ. ಕೊನೆಗೆ ಏನಾಗುತ್ತದೆಂದು ಮೊದಲ ದೃಶ್ಯದಲ್ಲೇ ಹೇಳಿಬಿಟ್ಟರೆ ಕುತೂಹಲ ಎಲ್ಲಿ ಉಳಿಯಿತು? (ಧಾರವಾಡ)

ಉತ್ತರ: ಮೊದಲೇ ಹೇಳಿಬಿಡುವುದು ಕ್ಲೇರ್ ಬೇಕೆಂದೇ ಮಾಡಿದ ಕೆಲಸ. ಆರಂಭ ನೆನಪಿಸಿಕೊಳ್ಳಿ. ರಾತ್ರಿ, ಪ್ಯಾರಿಸ್‌ನ ಛಾವಣಿಗಳ ಮೇಲೆ ಕ್ಯಾಮೆರಾ ತೇಲಿಹೋಗುತ್ತದೆ. ಗದ್ದಲ ಕೇಳಿ ಬಂದ ಇಬ್ಬರು ಒಂದು ಮನೆಯ ಮೇಲಿನ ಗಾಜಿನ ಕಿಂಡಿಯಿಂದ ಇಣುಕಿದರೆ ಕೆಳಗೆ ಕುಣಿತ ನಡೆದಿದೆ. ಏನು ವಿಶೇಷ ಎಂದು ಕೇಳುತ್ತಾರೆ, ಒಳಗಿದ್ದವರು ಕಥೆ ಹೇಳಲು ತೊಡಗುತ್ತಾರೆ. ಅಲ್ಲಿಗೆ ‘ಸಿಗುತ್ತದೋ ಇಲ್ಲವೋ’ ಎಂಬ ಆತಂಕ ಕಥೆಯಿಂದ ಹೊರಬಿತ್ತು. ಆತಂಕವಿದ್ದಾಗ ಪ್ರೇಕ್ಷಕ ಮುಂದಿನ ಗಳಿಗೆಗೆ ಕಾಯುತ್ತಿರುತ್ತಾನೆ, ಈ ಗಳಿಗೆ ಅವನ ಕಣ್ಣಿಗೆ ಬೀಳುವುದಿಲ್ಲ. ಅದು ಇಲ್ಲದಿದ್ದಾಗ ‘ಹೇಗೆ’ ಎಂಬುದನ್ನು ನೋಡಲು ಪುರುಸೊತ್ತು ಸಿಗುತ್ತದೆ.

ಎರಡನೆಯ ಸಲ ನೋಡುವಾಗ ಪಾತ್ರಗಳನ್ನು ಬಿಟ್ಟು ಕೋಟನ್ನು ಹಿಂಬಾಲಿಸಿ. ಒಂದೇ ಕೋಟು ಪ್ರತಿಯೊಬ್ಬರಿಗೂ ಬೇರೆ ಬೇರೆ ವಸ್ತು. ಮಿಶೆಲ್‌ಗೆ ಅದು ಹತ್ತು ಲಕ್ಷ. ಬೆಯಾಟ್ರಿಸ್‌ಗೆ ತನ್ನನ್ನು ಬಿಟ್ಟು ವಾಂಡಾ ಎಂಬ ಹೆಣ್ಣಿನ ಜೊತೆ ಸರಸವಾಡುವವನ ಬಟ್ಟೆ, ಅಂದರೆ ಮುನಿಸು. ತ್ಯುಲಿಪ್‌ಗೆ ಮೊದಲು ವೇಷ, ಆಮೇಲೆ ಸರಕು. ಒಪೆರಾದಲ್ಲಿ ಅಲೆಮಾರಿಯ ಪಾತ್ರ ಮಾಡುವ ದಢೂತಿ ಗಾಯಕ ಸೊಪ್ರಾನೆಲ್ಲಿಗೆ ಅದು ಅಸಲಿ ಬಡತನದ ಉಡುಪು. ಹರಿದಿರುವುದೇ ಅದರ ಬೆಲೆ! ಯಾರೂ ಒಬ್ಬರಿಗೊಬ್ಬರು ಕೇಡು ಬಯಸದೆಯೇ ಎಲ್ಲ ತಲೆಕೆಳಗಾಗುವುದು ಈ ಬೆಲೆಗಳ ಗೊಂದಲದಿಂದ. ಈ ಚಿತ್ರಕ್ಕೆ ಖಳನಾಯಕನೇ ಬೇಕಿಲ್ಲ. ಪೊಲೀಸರಿಗೆ ಬೇಕಾದ ಕಳ್ಳನೇ ಎಲ್ಲರಿಗಿಂತ ಸಭ್ಯ.

ವಸ್ತುವನ್ನು ಕಥೆಯ ಯಜಮಾನನಾಗಿ ಕೂರಿಸುವ ಈ ಕ್ರಮ ಕ್ಲೇರ್‌ಗೆ ಹೊಸದಲ್ಲ. 1928ರ ಮೂಕಿ ಚಿತ್ರ ‘ಇಟಾಲಿಯನ್ ಹುಲ್ಲಿನ ಟೋಪಿ’ಯಲ್ಲಿ ಮದುವೆಗೆ ಹೊರಟ ವರನ ಕುದುರೆ ಪರಸ್ತ್ರೀಯೊಬ್ಬಳ ಟೋಪಿ ತಿಂದುಬಿಡುತ್ತದೆ. ಅಂಥದ್ದೇ ಟೋಪಿ ಹುಡುಕಿಕೊಡದಿದ್ದರೆ ಅವಳ ಸಂಸಾರವೂ ಇವನ ಮದುವೆಯೂ ಕೆಡುತ್ತವೆ. ಅದರಲ್ಲಿ ಒಂದು ಪುಟ್ಟ ದೃಶ್ಯವಿದೆ. ಮೇಯರ್ ಮುಂದೆ ಮದುವೆ ನಡೆಯುತ್ತಿರುವಾಗ ಹೆಂಡತಿಯೊಬ್ಬಳು ಗಂಡನಿಗೆ ‘ನಿಮ್ಮ ಟೈ ಜಾರಿದೆ’ ಎಂದು ಸನ್ನೆ ಮಾಡುತ್ತಾಳೆ. ಅವನಿಗೆ ಅರ್ಥವಾಗುವುದಿಲ್ಲ. ಸುತ್ತಲಿನ ಗಂಡಸರೆಲ್ಲ ತನಗೇ ಹೇಳಿದ್ದೆಂದು ತಂತಮ್ಮ ಟೈ ಮುಟ್ಟಿ ನೋಡಿಕೊಳ್ಳುತ್ತಾರೆ, ಮೇಯರ್ ಕೂಡ. ಒಂದು ಮಾತಿಲ್ಲ, ಯಾರೂ ಬೀಳುವುದಿಲ್ಲ, ಯಾರೂ ಯಾರಿಗೂ ಹೊಡೆಯುವುದಿಲ್ಲ. ಆದರೂ ಇಡೀ ಮಧ್ಯಮವರ್ಗದ ಸಭಾಮರ್ಯಾದೆಯ ಭಯ ಒಂದು ಗೇಣು ಬಟ್ಟೆಯಲ್ಲಿ ಬಂದು ನಿಲ್ಲುತ್ತದೆ.

‘ಲ ಮಿಲಿಯೋಂ’ ಮೂಲತಃ ಜಾರ್ಜ್ ಬೆರ್ ಮತ್ತು ಮಾರ್ಸೆಲ್ ಗಿಯೆಮೋ ಬರೆದ ನಾಟಕ. ನಾಟಕವನ್ನು ಸಿನಿಮಾ ಮಾಡುವಾಗ ಬಹಳ ಜನ ಮಾತು ಸೇರಿಸುತ್ತಾರೆ. ಕ್ಲೇರ್ ಮಾತು ಕಳೆದು, ಆ ಜಾಗಕ್ಕೆ ಹಾಡು, ಹೆಜ್ಜೆ ಮತ್ತು ಮೌನ ತಂದ. ಉದ್ರಿ ಕೊಟ್ಟ ಹಾಲಿನವ, ಮಾಂಸದವ, ದಿನಸಿ ಅಂಗಡಿಯವ ಒಬ್ಬೊಬ್ಬರಾಗಿ ಬಂದು ಬೈಯುವುದಿಲ್ಲ, ಮೇಳವಾಗಿ ಹಾಡುತ್ತಾರೆ. ಬೆಳಿಗ್ಗೆ ವಸೂಲಿಗೆ ಬಂದ ಮೇಳವೇ ಲಾಟರಿ ಸುದ್ದಿ ತಿಳಿದ ಮೇಲೆ ಹೂ ಹಿಡಿದು ಅದೇ ಮೆಟ್ಟಿಲು ಹತ್ತುವುದನ್ನು ಗಮನಿಸಿ.

ಪ್ರಶ್ನೆ: ಒಪೆರಾ ವೇದಿಕೆಯ ಯುಗಳಗೀತೆಯನ್ನು ಈ ಚಿತ್ರದ ಕಳಶ ಎನ್ನುತ್ತಾರೆ. ಅದರಲ್ಲಿ ನಡೆಯುವುದನ್ನು ಹಂತಹಂತವಾಗಿ ವಿವರಿಸುತ್ತೀರಾ? (ತುಮಕೂರು)

ಉತ್ತರ: ಸಂತೋಷದಿಂದ. ಈ ಒಂದು ದೃಶ್ಯಕ್ಕಾಗಿಯೇ ಚಿತ್ರವನ್ನು ಮತ್ತೆ ಮತ್ತೆ ನೋಡಬಹುದು.

ಪರದೆ ಏಳುವ ಮೊದಲು: ಸೊಪ್ರಾನೆಲ್ಲಿಗೂ ಅವನ ಜೊತೆ ಹಾಡುವ ಸ್ಥೂಲಕಾಯದ ಗಾಯಕಿಗೂ ಎಣ್ಣೆ ಸೀಗೆಕಾಯಿ. ಇಬ್ಬರೂ ಕಚ್ಚಾಡುತ್ತಲೇ ವೇದಿಕೆಗೆ ಬರುತ್ತಾರೆ. ಇತ್ತ ಕೋಟು ಹುಡುಕಿಕೊಂಡು ಬಂದ ಮಿಶೆಲ್, ಅದೇ ರಂಗಮಂದಿರದಲ್ಲಿ ನರ್ತಕಿಯಾಗಿರುವ ಬೆಯಾಟ್ರಿಸ್, ಇಬ್ಬರೂ ವೇದಿಕೆಯ ಮೇಲೆಯೇ ಸಿಕ್ಕಿಬೀಳುತ್ತಾರೆ. ಪರದೆ ಎದ್ದೇಬಿಡುತ್ತದೆ. ಹೊರಗೆ ಹೋಗುವಂತಿಲ್ಲ. ರಂಗಸಜ್ಜಿಕೆಯ ಗಿಡದ ಮರೆಯಲ್ಲಿ ಕೂರುತ್ತಾರೆ. ಅವರಿಬ್ಬರ ನಡುವೆ ಜಗಳ ಇನ್ನೂ ಆರಿಲ್ಲ.

ಹಾಡು ಶುರುವಾಗುತ್ತದೆ: ಕೊನೆಗೂ ನಾವಿಬ್ಬರೇ ಇದ್ದೇವೆ ಎಂಬ ಅರ್ಥದ ಪ್ರೇಮಗೀತೆ. ಸಭಾಂಗಣ ತುಂಬಿದೆ, ವೇದಿಕೆಯ ಮೇಲೆ ನಾಲ್ವರಿದ್ದಾರೆ. ‘ನಾವಿಬ್ಬರೇ’ ಎಂಬ ಸಾಲಿನ ಮೊದಲ ನಗು ಅಲ್ಲಿದೆ. ಕ್ಯಾಮೆರಾ ಗಾಯಕರಿಂದ ಮರೆಯಲ್ಲಿರುವವರ ಕಡೆಗೆ ಹೋದಾಗ ಹಾಡು ನಿಲ್ಲುವುದಿಲ್ಲ. ಇಲ್ಲಿಂದ ಕಿವಿಗೆ ಬೀಳುವುದು ಒಬ್ಬರ ದನಿ, ಕಣ್ಣಿಗೆ ಕಾಣುವುದು ಇನ್ನೊಬ್ಬರ ಮುಖ. ಹಾಡಿನ ಪ್ರಿಯಕರ ಬೇಡುವಾಗ ಮಿಶೆಲ್ ಕಣ್ಣಲ್ಲೇ ಬೇಡುತ್ತಾನೆ. ಹಾಡಿನ ಪ್ರಿಯೆ ದೂರುವಾಗ ಬೆಯಾಟ್ರಿಸ್ ಮುಖ ತಿರುಗಿಸುತ್ತಾಳೆ. ಸಾಲುಗಳು ಮೆತ್ತಗಾದಂತೆ ಇವಳೂ ಮೆತ್ತಗಾಗುತ್ತಾಳೆ. ಮೇಲಿನಿಂದ ಕಾಗದದ ಪಕಳೆ ಉದುರುತ್ತವೆ. ಪ್ರೀತಿಯಿಲ್ಲದ ಇಬ್ಬರ ಬಳಿ ದನಿಯಿದೆ, ದನಿ ಎತ್ತಲಾರದ ಇಬ್ಬರ ಬಳಿ ಪ್ರೀತಿಯಿದೆ. ಕ್ಲೇರ್ ಒಂದು ಜೋಡಿಯ ದನಿಯನ್ನು ಇನ್ನೊಂದು ಜೋಡಿಗೆ ಕೊಡಿಸುತ್ತಾನೆ.

ಪರದೆ ಇಳಿದ ತಕ್ಷಣ ಗಾಯಕರ ಜಗಳ ಮುಂದುವರಿಯುತ್ತದೆ. ಮರೆಯಲ್ಲಿದ್ದವರಿಗೆ ಅದರ ಪರಿವೆಯೇ ಇಲ್ಲ.

ಈ ದೃಶ್ಯದಲ್ಲಿ ತಪ್ಪಲು ಎರಡು ದಾರಿಗಳಿದ್ದವು. ಗಾಯಕರನ್ನು ಪೂರ್ತಿ ಹಾಸ್ಯಾಸ್ಪದ ಮಾಡಿದ್ದರೆ ಅವರ ಹಾಡಿನಿಂದ ಪ್ರೇಮಿಗಳ ಮನಸ್ಸು ಕರಗುವುದನ್ನು ನಾವು ನಂಬುತ್ತಿರಲಿಲ್ಲ. ಅವರ ಮೈ, ಭಂಗಿ ನಗೆ ತರುತ್ತವೆ, ಹಾಡು ಮಾತ್ರ ನಿಜಕ್ಕೂ ಇಂಪಾಗಿದೆ. ಇನ್ನೊಂದು ದಾರಿ, ಪ್ರೇಮಿಗಳ ತುಟಿಯಿಂದಲೇ ಸಾಲುಗಳನ್ನು ಹೊರಡಿಸುವುದು. ಹಾಗೆ ಮಾಡಿದ್ದರೆ ಅದು ಮಾಮೂಲಿ ಯುಗಳಗೀತೆ. ಇಬ್ಬರ ಬಾಯಿ ಮುಚ್ಚಿಸಿದ್ದರಿಂದಲೇ ಮುಖ ಕೆಲಸ ಮಾಡಬೇಕಾಯಿತು. ಬೆಯಾಟ್ರಿಸ್ ಪಾತ್ರ ಮಾಡಿದ ಅನಬೆಲ್ಲಾ ಎಂಬ ನಟಿಯ ಪೂರ್ತಿ ಶಕ್ತಿ ಕಾಣುವುದು ಈ ಮೌನದಲ್ಲಿ.

ಒಂದು ಪ್ರಯೋಗ ಮಾಡಿ ನೋಡಿ: ಈ ಭಾಗವನ್ನು ಒಮ್ಮೆ ದನಿ ನಿಲ್ಲಿಸಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಮೊದಲನೆಯದರಲ್ಲಿ ಗಿಡದ ಹಿಂದೆ ಕೂತ ಇಬ್ಬರು ಕಾರಣವಿಲ್ಲದೆ ಮುಖ ಬದಲಿಸುತ್ತಾರೆ. ಎರಡನೆಯದರಲ್ಲಿ ಇಂಪಾದರೂ ಸಾಧಾರಣವಾದ ಒಂದು ಒಪೆರಾ ಹಾಡಿದೆ. ಎರಡೂ ಬಿಡಿಬಿಡಿಯಾಗಿ ಸಪ್ಪೆ. ಕ್ಲೇರ್‌ನ ಕಲೆ ಇರುವುದು ಆ ಎರಡರ ಬೆಸುಗೆಯಲ್ಲಿ.

ಪ್ರಶ್ನೆ: ಕೋಟಿಗಾಗಿ ಕಿತ್ತಾಡುವ ದೃಶ್ಯದಲ್ಲಿ ಇದ್ದಕ್ಕಿದ್ದಂತೆ ಮೈದಾನದ ಸೀಟಿ, ಜನರ ಕೂಗು ಕೇಳುತ್ತದೆ. ಇದು ಧ್ವನಿ ಜೋಡಿಸಿದವರ ಎಡವಟ್ಟೋ, ಬೇಕೆಂದೇ ಮಾಡಿದ್ದೋ? (ಹಾಸನ)

ಉತ್ತರ: ಬೇಕೆಂದೇ ಮಾಡಿದ್ದು. ರಂಗದ ಹಿಂಭಾಗದಲ್ಲಿ ಕೋಟು ಒಬ್ಬನ ಕೈಯಿಂದ ಇನ್ನೊಬ್ಬನಿಗೆ ಹಾರುತ್ತದೆ, ಅದನ್ನು ಹಿಡಿದವನ ಮೇಲೆ ಉಳಿದವರು ಮುಗಿಬೀಳುತ್ತಾರೆ. ಓಟ ರಗ್ಬಿ ಆಟದಂತಾಗುತ್ತಿದೆ ಎಂದು ನಮಗೆ ಹೊಳೆಯುವ ಹೊತ್ತಿಗೆ ರೆಫರಿಯ ಸೀಟಿ, ಪ್ರೇಕ್ಷಕರ ಗದ್ದಲ ಕೇಳುತ್ತದೆ. ಚಿತ್ರ ಮಾತ್ರ ರಂಗಮಂದಿರ ಬಿಟ್ಟು ಹೋಗುವುದಿಲ್ಲ. ನಡುವೆ ನಿಜವಾದ ಮೈದಾನದ ಒಂದು ಶಾಟ್ ಹಾಕಿದ್ದರೆ ಅದು ಬರೀ ಹೋಲಿಕೆಯಾಗುತ್ತಿತ್ತು, ಕಥೆಯ ಓಟವೂ ಮುರಿಯುತ್ತಿತ್ತು. ಶಬ್ದ ಮಾತ್ರ ಬಂದಾಗ ಕಥೆ ನಿಲ್ಲುವುದಿಲ್ಲ, ಮೈದಾನ ನಮ್ಮ ತಲೆಯೊಳಗೇ ಹುಟ್ಟುತ್ತದೆ.

ಇದರ ಹಿಂದೆ ಖಚಿತವಾದ ವಿಚಾರವಿದೆ. ಮೂಕಿ ಚಿತ್ರಗಳಲ್ಲಿ ಹೆಸರು ಮಾಡಿದ್ದ ಕ್ಲೇರ್‌ಗೆ ಟಾಕಿ (ಮಾತಿನ ಚಿತ್ರ) ಬಂದಾಗ ಸಂಭ್ರಮಕ್ಕಿಂತ ಅನುಮಾನ ಹೆಚ್ಚಿತ್ತು. 1929ರಲ್ಲಿ ಲಂಡನ್ನಿನಲ್ಲಿ ಹೊಸ ಟಾಕಿಗಳನ್ನು ನೋಡಿ ಅವುಗಳ ಬಗ್ಗೆ ಬರೆದ. ಅಮೆರಿಕದ ‘ಬ್ರಾಡ್‌ವೇ ಮೆಲೊಡಿ’ ಚಿತ್ರದ ಒಂದು ಚೂರನ್ನು ಅವನು ಎತ್ತಿ ತೋರಿಸುತ್ತಾನೆ: ಬಾಗಿಲು ಬಡಿದ ಸದ್ದು, ಕಾರು ಹೊರಟ ಸದ್ದು ಕೇಳುತ್ತದೆ, ತೆರೆಯ ಮೇಲೆ ಇರುವುದು ಕಿಟಕಿಯಿಂದ ನೋಡುತ್ತಿರುವ ನಟಿ ಬೆಸಿ ಲವ್ ಮುಖ ಮಾತ್ರ. ಕಾರು ತೋರಿಸುವ ಅಗತ್ಯವೇ ಬೀಳಲಿಲ್ಲ. ಕಾಣುವುದನ್ನೇ ಮತ್ತೆ ಕೇಳಿಸುವುದು ದಂಡ, ಶಬ್ದ ಹೇಳಿದ್ದನ್ನು ಚಿತ್ರ ಬಿಡಬೇಕು, ಚಿತ್ರ ಹೇಳಿದ್ದನ್ನು ಶಬ್ದ ಬಿಡಬೇಕು ಎಂಬ ಅವನ ವಾದದ ತಿರುಳು ಅಲ್ಲಿದೆ. ಮರುವರ್ಷವೇ ತನ್ನ ಮೊದಲ ಟಾಕಿ ‘ಪ್ಯಾರಿಸ್ ಛಾವಣಿಗಳ ಕೆಳಗೆ’ಯಲ್ಲಿ ಇದನ್ನು ಮಾಡಿ ತೋರಿಸಿದ. ಗಾಜಿನ ಬಾಗಿಲಾಚೆ ಜನ ಮಾತಾಡುತ್ತಾರೆ, ನಮಗೆ ಕೇಳುವುದಿಲ್ಲ. ಕತ್ತಲಲ್ಲಿ ಹೊಡೆದಾಟ ನಡೆಯುತ್ತದೆ, ರೈಲಿನ ಸದ್ದು ಅದನ್ನು ನುಂಗುತ್ತದೆ.

ಆಗಿನ ಸ್ಟುಡಿಯೋ ಸ್ಥಿತಿ ಗೊತ್ತಿದ್ದರೆ ಇದರ ಬೆಲೆ ಇನ್ನೂ ತಿಳಿಯುತ್ತದೆ. ಕ್ಯಾಮೆರಾದ ಗರಗರ ಸದ್ದು ಮೈಕ್‌ಗೆ ಬೀಳಬಾರದೆಂದು ಅದನ್ನು ಪೆಟ್ಟಿಗೆಯೊಳಗೆ ಕೂಡುತ್ತಿದ್ದರು, ಪೆಟ್ಟಿಗೆ ಅಲುಗದು. ನಟರು ಮೈಕ್ ಬಿಟ್ಟು ದೂರ ಸರಿಯುವಂತಿಲ್ಲ. ದೃಶ್ಯವನ್ನು ಸದ್ದಿಲ್ಲದೆ ತೆಗೆದು ಆಮೇಲೆ ಶಬ್ದ ಸೇರಿಸಿದರೆ ಕ್ಯಾಮೆರಾಕ್ಕೆ ಮತ್ತೆ ಕಾಲು ಬರುತ್ತದೆ. ಕ್ಲೇರ್ ಸಾಧ್ಯವಾದ ಕಡೆಯೆಲ್ಲ ಹಾಗೆ ಮಾಡಿದ. ನಮ್ಮಲ್ಲಿ ‘ಆಲಂ ಆರಾ’ ಬಂದದ್ದೂ 1931ರಲ್ಲೇ, ಕನ್ನಡದ ‘ಸತಿ ಸುಲೋಚನಾ’ 1934ರಲ್ಲಿ. ಹಾಡುಗಳಿಂದಲೇ ಟಾಕಿ ಶುರುಮಾಡಿದ ನಮಗೆ ಪಾತ್ರಗಳು ಏಕಾಏಕಿ ಹಾಡುವುದು ವಿಚಿತ್ರವೆನಿಸುವುದಿಲ್ಲ. ಕ್ಲೇರ್‌ನಲ್ಲಿ ನಾವು ಹೊಸದಾಗಿ ಗಮನಿಸಬೇಕಾದ್ದು, ಹಾಡು ಬಂದಾಗ ಕಥೆ ಕಾಯುತ್ತಾ ನಿಲ್ಲದೆ ಹಾಡಿನೊಳಗೇ ಮುಂದೆ ನಡೆಯುವುದನ್ನು.

ಪ್ರಶ್ನೆ: ನಾವು ಕಾಲೇಜಿನ ಮೂವರು ಸೇರಿ ಫೋನಿನಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ. ಈ ಧಾಟಿಯ ಶಬ್ದದ ಹಾಸ್ಯವನ್ನು ಕಲಿಯಲು ಒಂದು ಅಭ್ಯಾಸ ಹೇಳಿ. (ಹುಬ್ಬಳ್ಳಿ)

ಉತ್ತರ: ತೊಂಬತ್ತು ಸೆಕೆಂಡು ಮೀರದ ಒಂದು ದೃಶ್ಯ ಆರಿಸಿಕೊಳ್ಳಿ. ಇಬ್ಬರು ಪಾತ್ರಧಾರಿಗಳು, ಒಂದು ವಸ್ತು, ಮಾತು ಬೇಡ. ಹಾಸ್ಟೆಲ್ ಕೋಣೆಯಲ್ಲಿ ಕಳೆದ ಬಸ್ ಪಾಸ್ ಹುಡುಕುವುದು ಸಾಕು. ಎಂಟು–ಹತ್ತು ಶಾಟ್ ಸಾಲುತ್ತದೆ.

ಚಿತ್ರೀಕರಣಕ್ಕೆ ಮೊದಲು ಕಾಗದದಲ್ಲಿ ಎರಡು ಕಲಂ ಎಳೆದು ಎಡಕ್ಕೆ ಪ್ರತಿ ಶಾಟ್‌ನಲ್ಲಿ ಏನು ಕಾಣುತ್ತದೆ, ಬಲಕ್ಕೆ ಏನು ಕೇಳುತ್ತದೆ ಎಂದು ಬರೆಯಿರಿ. ಎರಡೂ ಕಡೆ ಒಂದೇ ವಿಷಯ ಬಂದರೆ (ಡ್ರಾಯರ್ ಎಳೆಯುವುದು ಕಾಣುತ್ತದೆ, ಎಳೆದ ಸದ್ದು ಕೇಳುತ್ತದೆ) ಒಂದನ್ನು ಹೊಡೆದುಹಾಕಿ. ಡ್ರಾಯರ್ ಸದ್ದು ಬೇಕೆಂದರೆ ಆ ಹೊತ್ತಿಗೆ ಗೆಳೆಯನ ಮುಖ ತೋರಿಸಿ. ಇಡೀ ದೃಶ್ಯಕ್ಕೆ ಮೂರು ಬಗೆಯ ಶಬ್ದ ಸಾಕು: ಕೋಣೆಯದೇ ಒಂದು, ಕಿಟಕಿಯಾಚೆಯದೊಂದು, ಪೂರ್ತಿ ಬೇರೆ ಜಾಗದ್ದೊಂದು, ಅಂದರೆ ಆಟದ ಕಾಮೆಂಟ್ರಿ, ರೈಲ್ವೆ ಪ್ರಕಟಣೆಯಂಥದ್ದು. ಈ ಮೂರನೆಯದೇ ನಗೆಯ ಮೂಲ.

ಶಬ್ದಗಳನ್ನು ಬೇರೆಯಾಗಿ ಮುದ್ರಿಸಿ. ಫ್ಯಾನ್, ಫ್ರಿಜ್ ನಿಲ್ಲಿಸಿ. ಫೋನನ್ನು ಸದ್ದಿನ ಮೂಲದಿಂದ 15–20 ಸೆಂಟಿಮೀಟರ್ ದೂರ ಹಿಡಿಯಿರಿ. ಅದಕ್ಕಿಂತ ದೂರವಾದರೆ ಕೋಣೆಯ ಗೋಡೆಗಳ ಮರುದನಿ ಸೇರಿಕೊಳ್ಳುತ್ತದೆ, ಸಂಕಲನದಲ್ಲಿ ಅದನ್ನು ತೆಗೆಯಲಾಗದು. ಯಾರೂ ಅಲುಗದೆ ಖಾಲಿ ಕೋಣೆಯ ಸದ್ದನ್ನೂ ಅರ್ಧ ನಿಮಿಷ ಮುದ್ರಿಸಿ ಇಟ್ಟುಕೊಳ್ಳಿ. ಇದನ್ನು ಅಡಿಯಲ್ಲಿ ಹಾಸದಿದ್ದರೆ ಶಬ್ದಗಳ ನಡುವಿನ ಜಾಗ ಸತ್ತಂತೆ ಕೇಳುತ್ತದೆ, ನೋಡುವವರು ಸ್ಪೀಕರ್ ಕೆಟ್ಟಿತೆಂದು ತಿಳಿಯುತ್ತಾರೆ.

ಹೊಸಬರು ಎಡವುವುದು ಹೆಚ್ಚಾಗಿ ಸಮಯದಲ್ಲಿ. ಹೊರಗಿನ ಶಬ್ದ ಚಿತ್ರಕ್ಕಿಂತ ಮೊದಲು ಬರಬಾರದು. ಪಾಸ್ ಕೈಯಿಂದ ಕೈಗೆ ಹಾರುವುದನ್ನು ನೋಡುಗರು ಒಮ್ಮೆ ನೋಡಲಿ, ‘ಅರೆ, ಇದು ಆಟದ ಹಾಗಿದೆ’ ಎಂದು ಅರೆಬರೆ ಅನಿಸಲಿ, ಆಗ ಒಂದು ಸೆಕೆಂಡು ತಡೆದು ಸೀಟಿ ಬರಲಿ. ಸೀಟಿ ಮೊದಲೇ ಬಂದರೆ ನಗೆಹನಿಯ ಅರ್ಥವನ್ನು ಮೊದಲೇ ಬಿಡಿಸಿ ಹೇಳಿದಂತೆ. ಇನ್ನೊಂದು ಮಾತು: ಹಿನ್ನೆಲೆ ಸಂಗೀತವನ್ನು ಉದ್ದಕ್ಕೂ ಹರಡಬೇಡಿ. ಎಲ್ಲ ಕಡೆ ಸಂಗೀತವಿದ್ದರೆ ಯಾವ ಶಬ್ದವೂ ಅನಿರೀಕ್ಷಿತವಾಗುವುದಿಲ್ಲ. ಕಾಮೆಂಟ್ರಿಯನ್ನು ಟಿವಿಯಿಂದ ಎತ್ತದೆ ನೀವೇ ಹೇಳಿ ಮುದ್ರಿಸಿ. ಹಕ್ಕುಸ್ವಾಮ್ಯದ ತಕರಾರೂ ಇರುವುದಿಲ್ಲ, ಹುಬ್ಬಳ್ಳಿಯ ಮಾತೂ ಬರುತ್ತದೆ.

ಪ್ರಶ್ನೆ: ನಾನು ನೋಡಿದ ಪ್ರತಿಯಲ್ಲಿ ಗೋಡೆ, ಬೀದಿ ಎಲ್ಲ ಮಸುಕು. ಒಳ್ಳೆಯ ಪ್ರತಿ ಹುಡುಕಬೇಕೆ? (ಮಂಗಳೂರು)

ಉತ್ತರ: ಮೊದಲು ಮುಖಗಳನ್ನು ನೋಡಿ. ಕೂದಲಿನ ಅಂಚು, ಅಂಗಿಯ ಗುಂಡಿ ಚೊಕ್ಕಟವಾಗಿ ಕಂಡು ಹಿಂದಿನ ಗೋಡೆ ಮಾತ್ರ ಮಸುಕಾಗಿದ್ದರೆ ಪ್ರತಿಯಲ್ಲಿ ದೋಷವಿಲ್ಲ. ಚಿತ್ರದ ಕಲಾ ನಿರ್ದೇಶಕ ಲಜಾರ್ ಮೆಯೆರ್ಸೋನ್ ನಟರಿಗೂ ಬರೆದ ಹಿನ್ನೆಲೆಗೂ ನಡುವೆ ಸೊಳ್ಳೆಪರದೆಯಂಥ ತೆಳು ಬಟ್ಟೆ ಕಟ್ಟಿಸಿದ್ದ. ಹಿನ್ನೆಲೆ ಒಂದು ಹದ ಬೂದು ಬಣ್ಣಕ್ಕೆ ಇಳಿದು ಹಿಂದೆ ಸರಿಯುತ್ತದೆ, ಮನುಷ್ಯರು ಮುಂದೆ ಬರುತ್ತಾರೆ. ಛಾಯಾಗ್ರಾಹಕ ಜಾರ್ಜ್ ಪೆರಿನಾಲ್‌ನ ಬೆಳಕು ಸೇರಿ ಇಡೀ ಪ್ಯಾರಿಸ್ ಅರೆಗನಸಿನ ಊರಾಗುತ್ತದೆ. ಜನ ಹಾಡಿನಲ್ಲಿ ಮಾತಾಡುವ ಊರು ಇಟ್ಟಿಗೆ ಗಾರೆಯಷ್ಟು ಗಟ್ಟಿಯಾಗಿ ಕಂಡಿದ್ದರೆ ಹಾಡು ಅಸಹಜವೆನಿಸುತ್ತಿತ್ತು.

ಮುಖವೂ ಮಸುಕಾಗಿದ್ದರೆ, ಬಿಳಿ ಅಂಗಿಯ ಮಡಿಕೆಗಳು ಕಾಣದೆ ಬರೀ ಬಿಳಿ ಚೌಕವಾಗಿದ್ದರೆ, ಅದು ಪ್ರತಿಯಿಂದ ಪ್ರತಿ ತೆಗೆದ ಕಳಪೆ ಮಾಲು. ಅದನ್ನು ಬಿಟ್ಟುಬಿಡಿ.

ನಾಟಕ ಮಾಡುವವರಿಗೆ ಒಂದು ಸೂಚನೆ. ಈ ಬಟ್ಟೆಯ ಮೇಲೆ ಎದುರಿನಿಂದ ಬೆಳಕು ಬಿದ್ದರೆ ಅದು ಗೋಡೆಯಂತೆ ಮುಚ್ಚಿಕೊಳ್ಳುತ್ತದೆ, ಹಿಂದಿನ ವಸ್ತುವಿಗೆ ಬೆಳಕು ಕೊಟ್ಟರೆ ಪಾರದರ್ಶಕವಾಗುತ್ತದೆ. ನಟರು ಅದಕ್ಕೆ ತೀರಾ ಹತ್ತಿರ ನಿಂತರೆ ನೆರಳು ಬಟ್ಟೆಯ ಮೇಲೆ ಬಿದ್ದು ಗುಟ್ಟು ರಟ್ಟಾಗುತ್ತದೆ. ನಾಲ್ಕೈದು ಅಡಿ ಮುಂದಿರಲಿ, ದೀಪ ಮೇಲಿನಿಂದ ಓರೆಯಾಗಿ ಬರಲಿ.

ಪ್ರಶ್ನೆ: ಟಿವಿಯಲ್ಲಿ ಹಾಕಿದರೆ ತಲೆಗಳೇ ಕತ್ತರಿಸಿಹೋಗುತ್ತವೆ. (ಮೈಸೂರು)

ಉತ್ತರ: ಟಿವಿ ‘ಜೂಮ್’ ಸ್ಥಿತಿಯಲ್ಲಿದೆ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್’ ಅಥವಾ ‘ಆಟೋ’ ಆರಿಸಿ. ಶಬ್ದವನ್ನು ಫಿಲ್ಮಿನ ಅಂಚಿನಲ್ಲೇ ಮುದ್ರಿಸಲು ಶುರುಮಾಡಿದ ಆ ವರ್ಷಗಳಲ್ಲಿ ಧ್ವನಿಪಟ್ಟಿ ಚಿತ್ರದ ಅಗಲದಲ್ಲಿ ಒಂದು ಪಾಲನ್ನು ತಿಂದು ಚೌಕಟ್ಟು ಹೆಚ್ಚುಕಡಿಮೆ ಚೌಕವಾಯಿತು: ಎತ್ತರ 1 ಆದರೆ ಅಗಲ ಸುಮಾರು 1.2. ಈಗಿನ ಟಿವಿಯ ಅಗಲ 1.78. ಆದ್ದರಿಂದ 43 ಇಂಚಿನ ಟಿವಿಯಲ್ಲಿ ಎಡಬಲ ತಲಾ 15 ಸೆಂಟಿಮೀಟರ್ ಕಪ್ಪು ಪಟ್ಟಿ ಇರಲೇಬೇಕು. ಪರದೆ ತುಂಬಿಸಲು ಹೊರಟರೆ ಎತ್ತರದ ಮೂರನೇ ಒಂದು ಭಾಗ ಹೋಗುತ್ತದೆ. ಮೆಟ್ಟಿಲು, ಛಾವಣಿ, ಮೇಲಿಂದ ಉದುರುವ ಪಕಳೆ ಎಲ್ಲ ಇರುವುದು ಆ ಎತ್ತರದಲ್ಲಿ.

ಯುರೋಪಿನ ಹಳೆಯ ಪಾಲ್ ಮಾದರಿಯ ಡಿವಿಡಿಯಾದರೆ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡುತ್ತವೆ. 83 ನಿಮಿಷದ ಚಿತ್ರ 80ಕ್ಕೆ ಮುಗಿಯುತ್ತದೆ, ಶ್ರುತಿಯೂ ಅರ್ಧ ಸ್ವರದ ಸುಮಾರು ಮುಕ್ಕಾಲು ಪಾಲು ಏರುತ್ತದೆ. ಹಾಡಿನ ಚಿತ್ರಕ್ಕೆ ಇದು ಸಣ್ಣ ವಿಷಯವಲ್ಲ.

ಪ್ರಶ್ನೆ: ಚಾಪ್ಲಿನ್ ‘ಮಾಡರ್ನ್ ಟೈಮ್ಸ್’ ಅನ್ನು ಕ್ಲೇರ್‌ನಿಂದ ಕದ್ದದ್ದು ನಿಜವೆ? (ಬಳ್ಳಾರಿ)

ಉತ್ತರ: ‘ಲ ಮಿಲಿಯೋಂ’ ಬಂದ ವರ್ಷದ ಕೊನೆಗೇ ಕ್ಲೇರ್‌ನ ‘ಆ ನೂ ಲ ಲಿಬೆರ್ತೆ’ ಬಂತು. ಕಾರ್ಖಾನೆ ಮತ್ತು ಜೈಲು ಒಂದೇ ಎನ್ನುವ ಚಿತ್ರ ಅದು. ಅದರ ಚಲಿಸುವ ಪಟ್ಟಿಯ ದೃಶ್ಯಗಳಿಗೂ 1936ರ ಚಾಪ್ಲಿನ್ ಚಿತ್ರಕ್ಕೂ ಹೋಲಿಕೆ ಇದೆ. ಕ್ಲೇರ್ ಚಿತ್ರದ ನಿರ್ಮಾಣ ಸಂಸ್ಥೆ ಟೋಬಿಸ್ ಮೊಕದ್ದಮೆ ಹೂಡಿತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಕೋರ್ಟಿನ ಹೊರಗೆ ರಾಜಿಯಾಯಿತು. ಕ್ಲೇರ್ ಮಾತ್ರ ಚಾಪ್ಲಿನ್ ವಿರುದ್ಧ ನಿಲ್ಲಲು ಒಪ್ಪಲಿಲ್ಲ. ಚಾಪ್ಲಿನ್‌ನಿಂದ ಎಲ್ಲರೂ ಕಲಿತಿದ್ದಾರೆ, ಅವನು ನನ್ನಿಂದ ಏನಾದರೂ ಪಡೆದಿದ್ದರೆ ಅದು ನನಗೆ ಗೌರವ ಎಂಬುದು ಅವನ ನಿಲುವಾಗಿತ್ತು.

ಪ್ರಶ್ನೆ: ಕ್ಲೇರ್‌ನ ಪಾತ್ರಗಳಿಗೆ ಒಳಮನಸ್ಸೇ ಇಲ್ಲ, ಬರೀ ಸೂತ್ರದ ಗೊಂಬೆಗಳು. ಈ ಟೀಕೆಗೆ ನಿಮ್ಮ ಅಭಿಪ್ರಾಯ? (ಉಡುಪಿ)

ಉತ್ತರ: ಟೀಕೆಯಲ್ಲಿ ಹುರುಳಿದೆ. ಅದೇ ಕಾಲದ ಫ್ರೆಂಚ್ ನಿರ್ದೇಶಕ ಜ್ಯಾಂ ರೆನ್ವಾರ್ 1932ರ ‘ಬೂದ್ಯು’ ಚಿತ್ರದಲ್ಲಿ ಒಬ್ಬ ಭಿಕಾರಿಯನ್ನು ಮೈಯ ವಾಸನೆ ಬಡಿಯುವಷ್ಟು ಹತ್ತಿರ ತರುತ್ತಾನೆ. ಕ್ಲೇರ್‌ನ ಬಡವರು ಯಾವಾಗಲೂ ಸ್ವಲ್ಪ ದೂರ, ಚೊಕ್ಕಟ, ತಾಳಕ್ಕೆ ಸರಿಯಾಗಿ ನಡೆಯುವವರು. 1950ರ ದಶಕದ ಯುವ ವಿಮರ್ಶಕರು ರೆನ್ವಾರ್ ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ. 1960ರಲ್ಲಿ ಕ್ಲೇರ್ ಫ್ರಾನ್ಸಿನ ಹಳೆಯ ಸಾಹಿತ್ಯ ಸಂಸ್ಥೆ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದದ್ದು ಅವನಿಗೆ ಹಳೇ ತಲೆಮಾರಿನವನೆಂಬ ಮುದ್ರೆಯನ್ನು ಇನ್ನಷ್ಟು ಗಟ್ಟಿ ಮಾಡಿತು.

ಆದರೆ ಗೊಂಬೆ ಎಂಬ ಮಾತಿಗೆ ನಮ್ಮ ಒಪ್ಪಿಗೆ ಇಲ್ಲ. ಕ್ಲೇರ್ ಒಬ್ಬ ವ್ಯಕ್ತಿಯ ಆಳಕ್ಕಿಂತ ಗುಂಪಿನ ನಡವಳಿಕೆಯನ್ನು ನೋಡುವವನು. ಸಾಲ ಕೊಟ್ಟವರ ಮುಖಭಾವ ಒಂದು ಸುದ್ದಿಯಿಂದ ಹೇಗೆ ತಿರುಗುತ್ತದೆ, ಟೈ ಸರಿಪಡಿಸಿಕೊಳ್ಳುವ ಭಯ ಒಬ್ಬನಿಂದ ಒಬ್ಬನಿಗೆ ಹೇಗೆ ಹರಡುತ್ತದೆ: ಇದು ಮನುಷ್ಯನ ಬಗ್ಗೆ ಇರುವ ತಿಳಿವಳಿಕೆಯೇ. ಒಳಮನಸ್ಸು ಬೇಕೆನಿಸಿದಾಗ ಅದನ್ನು ತೋರಿಸಬಲ್ಲವನೆಂಬುದಕ್ಕೆ ಒಪೆರಾ ದೃಶ್ಯದ ಬೆಯಾಟ್ರಿಸ್ ಸಾಕ್ಷಿ. ಅವನ ನಿಜವಾದ ಮಿತಿ ಬೇರೆ ಕಡೆ ಇದೆ: ‘ಲ ಮಿಲಿಯೋಂ’ನ ಎರಡನೆಯ ಹೆಣ್ಣು ವಾಂಡಾಗೆ ಕಥೆಯಲ್ಲಿ ಮಾಡಲು ಕೆಲಸವೇ ಇಲ್ಲ, ಅವಳು ಬರೀ ಅಡಚಣೆ.

ಪ್ರಶ್ನೆ: ನಮ್ಮ ಊರಿನ ಚಿತ್ರಸಮಾಜದಲ್ಲಿ ಒಂದು ದಿನ ಕ್ಲೇರ್ ಚಿತ್ರಗಳನ್ನು ತೋರಿಸಬೇಕೆಂದಿದೆ. ಯಾವ ಕ್ರಮದಲ್ಲಿ ಹಾಕೋಣ? (ಶಿವಮೊಗ್ಗ)

ಉತ್ತರ: ಬೆಳಿಗ್ಗೆ ‘ಆಂತ್ರಾಕ್ತ್’ (1924) ಹಾಕಿ. ಇಪ್ಪತ್ತೆರಡು ನಿಮಿಷದೊಳಗಿನ ಚೇಷ್ಟೆ, ಎರಿಕ್ ಸಾತಿ ಇದಕ್ಕೆಂದೇ ಬರೆದ ಸಂಗೀತ. ಒಂಟೆ ಎಳೆಯುವ ಶವದ ಗಾಡಿಯ ಹಿಂದೆ ಜನ ನಿಧಾನಗತಿಯಲ್ಲಿ ನೆಗೆಯುತ್ತ ಹೋಗುತ್ತಾರೆ. ಬೆನ್ನಟ್ಟುವ ದೃಶ್ಯವನ್ನು ಕ್ಲೇರ್ ಕಲಿತದ್ದು ಎಲ್ಲಿ ಎಂದು ಪ್ರೇಕ್ಷಕರಿಗೆ ತಾನಾಗಿ ತಿಳಿಯುತ್ತದೆ. ಆಮೇಲೆ ‘ಲ ಮಿಲಿಯೋಂ’. ಮಧ್ಯಾಹ್ನ ಊಟದ ನಂತರ ‘ಹುಲ್ಲಿನ ಟೋಪಿ’ ಬೇಡ. ಎಷ್ಟು ಒಳ್ಳೆಯದಾದರೂ ಉದ್ದದ ಮೂಕಿ ಚಿತ್ರ, ಹೊಟ್ಟೆ ತುಂಬಿದವರಿಗೆ ಕಣ್ಣು ಎಳೆಯುತ್ತದೆ. ‘ಆ ನೂ ಲ ಲಿಬೆರ್ತೆ’ ಹಾಕಿ, ಜಾರ್ಜ್ ಓರಿಕ್‌ನ ಸಂಗೀತ ಎಚ್ಚರವಾಗಿಡುತ್ತದೆ. ಮಕ್ಕಳು ಬರುವುದಾದರೆ ‘ಪಾರಿ ಕಿ ದೋರ್’ ಸೇರಿಸಿ. ಇಡೀ ಪ್ಯಾರಿಸ್ ನಿಂತಲ್ಲೇ ಕಲ್ಲಾಗಿ, ಐಫೆಲ್ ಗೋಪುರದ ಮೇಲಿದ್ದವನೂ ವಿಮಾನದಲ್ಲಿ ಬಂದಿಳಿದವರೂ ಮಾತ್ರ ಓಡಾಡುವ ಕಥೆ.

ಪ್ರದರ್ಶನಕ್ಕೆ ಎರಡು ದಿನ ಮೊದಲು ಸಬ್‌ಟೈಟಲ್ ಪರೀಕ್ಷಿಸಿ. ಕೆಲವು ಪ್ರತಿಗಳಲ್ಲಿ ಮಾತಿಗೆ ಇರುತ್ತದೆ, ಹಾಡಿಗೆ ಇರುವುದಿಲ್ಲ. ‘ಲ ಮಿಲಿಯೋಂ’ನಲ್ಲಿ ಹಾಡಿನ ಅರ್ಥ ತಿಳಿಯದಿದ್ದರೆ ಒಪೆರಾ ದೃಶ್ಯ ಪೂರ್ತಿ ವ್ಯರ್ಥ. ಇಲ್ಲದಿದ್ದರೆ ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನಲ್ಲೋ ನಿಮ್ಮೂರಿನ ಕಾಲೇಜಿನಲ್ಲೋ ಫ್ರೆಂಚ್ ಬಲ್ಲವರಿಂದ ಆ ಯುಗಳಗೀತೆಯನ್ನು ಕನ್ನಡ ಮಾಡಿಸಿ, ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ, ಚಿತ್ರ ಶುರುವಾಗುವ ಮೊದಲೇ ಓದಿ ಹೇಳಿ. ಕತ್ತಲಾದ ಮೇಲೆ ಚೀಟಿ ಕೊಟ್ಟರೆ ಫೋನ್ ದೀಪಗಳು ಹೊತ್ತಿಕೊಳ್ಳುತ್ತವೆ. ಸ್ಪೀಕರ್ ಪರದೆಯ ಹಿಂದೆ ಅಥವಾ ನೇರ ಕೆಳಗಿರಲಿ, ಗೋಡೆಯ ಮೂಲೆಯಲ್ಲಿ ಬೇಡ. ಮೂಲೆಯಲ್ಲಿಟ್ಟರೆ ದಪ್ಪ ಸ್ವರಗಳು ಉಬ್ಬಿ, 1931ರ ಧ್ವನಿಮುದ್ರಣದಲ್ಲಿ ಮೊದಲೇ ತೆಳುವಾಗಿರುವ ಮಾತು ಮುಳುಗಿಹೋಗುತ್ತದೆ. ಬಾಸ್ ಕಡಿಮೆ ಮಾಡಿ, ದನಿ ಮಟ್ಟವನ್ನು ಸಾಲ ಕೊಟ್ಟವರ ಮೇಳದ ಹಾಡಿಗೆ ಹೊಂದಿಸಿಕೊಳ್ಳಿ. ಅದು ಕಿವಿಗೆ ಚುಚ್ಚದಿದ್ದರೆ ಉಳಿದದ್ದೂ ಸರಿಯಿರುತ್ತದೆ.